ಝೇಂಕಾರಪಕ್ಷಿಯ ಪೂರ್ವೋತ್ತರ

ದಾಸವಾಳದ ಗಿಡಕ್ಕೆ ಬಂದು, ಬಾಗಿದ ಕೊಕ್ಕನ್ನು ಹೂವಿನೊಳಕ್ಕೆ ಇಳಿಸಿ ಮಧುವನ್ನು ಹೀರುವ ಪುಟ್ಟ ಹಕ್ಕಿಯನ್ನು ಕಂಡು, ಇದೇ ಇಂಗ್ಲಿಷರ ಹಮ್ಮಿಂಗ್ ಬರ್ಡ್ ಎಂದು ಮಕ್ಕಳಿಗೆ ತೋರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಓದುಬರಹ ಬಲ್ಲ ಮನೆಗಳಲ್ಲಿಯೇ ಈ ಮಾತು ಹೆಚ್ಚಾಗಿ ಕೇಳಬರುವುದು. ಅಕ್ಷರ ಕಲಿಯದ ತೋಟಗಾರನು ಅದನ್ನು ಸೂರಕ್ಕಿ ಎಂದು ಕರೆದು ತನ್ನ ಕೆಲಸಕ್ಕೆ ಹೋಗುತ್ತಾನೆ. ಅವನು ಹೇಳಿದುದೇ ಸರಿ. ಹಮ್ಮಿಂಗ್ ಬರ್ಡ್ ಎಂಬುದು ಭರತಖಂಡದಲ್ಲಿ ಇಲ್ಲ. ಏಷ್ಯಾ, ಆಫ್ರಿಕಾ, ಯೂರೋಪು, ಆಸ್ಟ್ರೇಲಿಯಾ ಖಂಡಗಳಲ್ಲಿ ಎಲ್ಲಿಯೂ ಇಲ್ಲ. ಉತ್ತರದಲ್ಲಿ ಅಲಾಸ್ಕಾ ಮೊದಲ್ಗೊಂಡು ದಕ್ಷಿಣದಲ್ಲಿ ತಿಯೆರಾ ದೆಲ್ ಫುವೆಗೋ ದ್ವೀಪದವರೆಗೆ ಅಮೆರಿಕಾ ಖಂಡಗಳೆರಡೇ ಅದರ ಮನೆ. ಆದಕಾರಣ ನಮ್ಮ ಪೂರ್ವಿಕರು ಅದಕ್ಕೆ ಹೆಸರಿಡಲಿಲ್ಲ. ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಅಮರಕೋಶದ ಸಿಂಹಾದಿವರ್ಗದಲ್ಲಿ ಗಿಳಿಯಿಂದ ಗೂಗೆಯವರೆಗೆ ಪಕ್ಷಿಗಳ ಹೆಸರುಗಳ ದೊಡ್ಡ ಪಟ್ಟಿಯೇ ಇದ್ದರೂ ಅದರಲ್ಲಿ ಇದನ್ನು ಹುಡುಕುವುದು ವ್ಯರ್ಥ. ರೆಕ್ಕೆಯ ಬಡಿತದಿಂದ ಹುಟ್ಟುವ ನಾದವನ್ನು ಅನುಸರಿಸಿ ಈ ಲೇಖನದಲ್ಲಿ ಅದನ್ನು ಝೇಂಕಾರಪಕ್ಷಿ ಎಂದು ಕರೆಯುತ್ತೇನೆ.

ಇತರ ಜನಗಳು ಇಟ್ಟ ಹೆಸರುಗಳು ಇನ್ನೂ ಸೊಗಸಾಗಿವೆ. ಬ್ರೆಜಿಲಿನ ಪೋರ್ತುಗೀಜರು ಅದನ್ನು ಹೂವಿಗೆ ಮುತ್ತಿಡುವುದು ಎಂಬರ್ಥದ ಬೇಜ-ಫ್ಲೋರ್ ಎಂದು ಕರೆಯುವರು. ಸ್ಪ್ಯಾನಿಷ್ ಭಾಷೆಯಲ್ಲಿ ಹೂವನ್ನು ಕುಕ್ಕುವುದು, ಹೂವನ್ನು ಹೀರುವುದು ಎಂಬ ಅರ್ಥಗಳ ಎರಡು ಹೆಸರುಗಳುಂಟು. ಇಂಕಾ ಜನರ ಕೆಚುವಾ ಭಾಷೆಯಲ್ಲಿ ಕೆಂತಿ. ಮೆಕ್ಸಿಕೋ ದೇಶದ ನಾವಾಟಲ್ ಭಾಷೆಯಲ್ಲಿ ವಿಟ್ಜಿಲಿನ್. ಈ ಕೊನೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಸೂರಕ್ಕಿಗೂ ಇದಕ್ಕೂ ಇರುವ ಹೋಲಿಕೆ ಬಂಧುತ್ವದಿಂದ ಬಂದುದಲ್ಲ, ವೃತ್ತಿಯಿಂದ ಬಂದುದು. ಒಂದೇ ಕಸಬನ್ನು ಹಿಡಿದ ಇಬ್ಬರು ಬೇರೆ ಬೇರೆ ಊರಿನವರ ಅಂಗೈಯಲ್ಲಿ ಒಂದೇ ಬಗೆಯ ಜಡ್ಡು ಬೀಳುವಂತೆ, ಹೂವಿನ ಮಧುವನ್ನು ನೆಚ್ಚಿದ ಈ ಎರಡು ಕುಲಗಳಿಗೂ ಉದ್ದವಾದ ಕೊಕ್ಕು, ಚಾಚುವ ನಾಲಗೆ, ಮಿರುಗುವ ಗರಿ ಬಂದಿವೆ. ಕುಲವನ್ನು ವಿಚಾರಿಸಿದರೆ ಸೂರಕ್ಕಿ ಗುಬ್ಬಿ ಕಾಗೆಗಳ ಗಣಕ್ಕೆ ಸೇರಿದುದು. ಝೇಂಕಾರಪಕ್ಷಿಯಾದರೋ ಹಳೆಯ ಕಟ್ಟಡಗಳ ಮಾಡಿನಲ್ಲಿ ಗೂಡುಕಟ್ಟಿ ಸಂಜೆಯ ವೇಳೆ ಚೀರುತ್ತ ಸುತ್ತುವ ಬಾನಾಡಿಗಳ ದಾಯಾದಿ. ಸೂರಕ್ಕಿ ಸಾಮಾನ್ಯವಾಗಿ ರೆಂಬೆಯ ಮೇಲೆ ಕುಳಿತು ಮಧುವನ್ನು ಹೀರುವುದು. ಝೇಂಕಾರಪಕ್ಷಿ ಕುಳಿತುಕೊಳ್ಳುವುದಿಲ್ಲ, ಹೂವಿನ ಮುಂದೆ ಗಾಳಿಯಲ್ಲಿ ನಿಲ್ಲುವುದು.

ಈ ನಿಲ್ಲುವಿಕೆಯೇ ಅದರ ಮುಖ್ಯ ಲಕ್ಷಣ. ಇತರ ಪಕ್ಷಿಗಳು ರೆಕ್ಕೆಯನ್ನು ಕೆಳಕ್ಕೆ ಬಡಿಯುವಾಗ ಮಾತ್ರ ಮೇಲೇಳುವ ಬಲವನ್ನು ಪಡೆಯುವುವು. ಮೇಲಕ್ಕೆ ಎತ್ತುವಾಗ ರೆಕ್ಕೆಯನ್ನು ಮಡಚಿಕೊಳ್ಳುವುವು. ಝೇಂಕಾರಪಕ್ಷಿ ಭುಜದ ಕೀಲಿನಲ್ಲಿ ರೆಕ್ಕೆಯನ್ನು ತಿರುವಿ, ನಾವು 8 ಎಂಬ ಅಂಕವನ್ನು ಅಡ್ಡಲಾಗಿ ಬರೆದಂತೆ ಹಿಂದಕ್ಕೂ ಮುಂದಕ್ಕೂ ಬೀಸುವುದು. ಹೀಗೆ ಬೀಸುವಾಗ ಮೈಭಾರದ ಮುಕ್ಕಾಲು ಪಾಲನ್ನು ಒಂದು ಬೀಸು, ಕಾಲು ಪಾಲನ್ನು ಮರುಬೀಸು ಹೊರುವುವೆಂದು 2005ರಲ್ಲಿ ಅಮೆರಿಕಾದ ಶಾಸ್ತ್ರಜ್ಞರು ಗಾಳಿಯ ಸುಳಿಗಳನ್ನು ಅಳೆದು ತೋರಿಸಿದರು. ಈ ಉಪಾಯದಿಂದ ಅದು ನಿಂತಲ್ಲಿಯೇ ನಿಲ್ಲಬಲ್ಲುದು, ಹಿಂದಕ್ಕೂ ಹಾರಬಲ್ಲುದು. ಹೂವಿನ ನಾಳದೊಳಗೆ ಕೊಕ್ಕನ್ನು ತೂರಿಸಿದ ಪ್ರಾಣಿಗೆ ಹಿಂದಕ್ಕೆ ಹಾರುವ ವಿದ್ಯೆ ಎಷ್ಟು ಅಗತ್ಯವೆಂಬುದನ್ನು ಹೇಳಬೇಕಾಗಿಲ್ಲ. ಚಿಕ್ಕ ಜಾತಿಗಳು ಒಂದು ಸೆಕೆಂಡಿಗೆ 80 ಸಲದವರೆಗೆ ರೆಕ್ಕೆ ಬಡಿಯುವುವು. ಆ್ಯಂಡೀಸ್ ಪರ್ವತಗಳ ದೊಡ್ಡ ಜಾತಿಗೆ ಹದಿನೈದರೊಳಗೆ ಸಾಕಾಗುವುದು. ಕ್ಯೂಬಾ ದ್ವೀಪದ ಅತ್ಯಂತ ಸಣ್ಣ ಜಾತಿ ಕೊಕ್ಕಿನಿಂದ ಬಾಲದವರೆಗೆ 6 ಸೆಂಟಿಮೀಟರನ್ನು ಮೀರದು. ತೂಕ ಸುಮಾರು 2 ಗ್ರಾಂ, ಅಂದರೆ ನಮ್ಮ ಹಳೆಯ ತೊಲದ ಆರರಲ್ಲಿ ಒಂದು ಪಾಲು. ಪಕ್ಷಿಗಳಲ್ಲಿ ಇದಕ್ಕಿಂತ ಚಿಕ್ಕದು ಬೇರೊಂದಿಲ್ಲ. ಈ ಕುಲದಲ್ಲಿ ಈಗ ಎಣಿಸಿರುವ ಜಾತಿಗಳು 360ಕ್ಕೂ ಹೆಚ್ಚು.

ಬಣ್ಣದ ವಿಷಯ ಇನ್ನೂ ವಿಚಿತ್ರವಾದುದು. ಗಂಡಿನ ಕೊರಳಿನಲ್ಲಿ ಮಾಣಿಕ್ಯದಂತೆಯೋ ಪಚ್ಚೆಯಂತೆಯೋ ಹೊಳೆಯುವ ಬಣ್ಣವನ್ನು ಗರಿಯನ್ನು ಅರೆದು ತೆಗೆಯಲು ಬಾರದು, ಏಕೆಂದರೆ ಅಲ್ಲಿ ಆ ಬಣ್ಣದ ದ್ರವ್ಯವೇ ಇಲ್ಲ. ಗರಿಯೊಳಗೆ ಗಾಳಿಯ ಗುಳ್ಳೆಗಳು ತುಂಬಿದ ಅತಿಸೂಕ್ಷ್ಮವಾದ ಕಪ್ಪು ತಟ್ಟೆಗಳು ಪದರ ಪದರವಾಗಿ ಜೋಡಿಸಿಕೊಂಡಿರುವುವು. ಬೆಳಕು ಅವುಗಳ ಮೇಲೆ ಬಿದ್ದು ಮರಳುವಾಗ ಬಣ್ಣವಾಗುವುದು. ಸೋಪಿನ ಗುಳ್ಳೆಯ ಮೇಲೆ ತೋರುವ ಬಣ್ಣವೂ ಇಂತಹುದೇ. ಆದುದರಿಂದ ಪಕ್ಷಿ ನಮ್ಮ ಕಡೆಗೆ ತಿರುಗಿದಾಗ ಕೆಂಡದಂತೆ ಹೊಳೆದ ಕೊರಳು ಅತ್ತ ತಿರುಗಿದೊಡನೆ ಇದ್ದಲಿನಂತೆ ಕಪ್ಪಾಗುವುದು. ನಮ್ಮ ನವಿಲಿನ ಗರಿಯಲ್ಲಿಯೂ ಇದೇ ತತ್ತ್ವವಿರುವುದಾದರೂ ಇಷ್ಟು ತೀಕ್ಷ್ಣವಾಗಿ ಆರಿ ಹೊತ್ತುವ ಗುಣ ಅದಕ್ಕಿಲ್ಲ.

ಹೆಣ್ಣು ಜೇಡರ ಬಲೆಯ ನೂಲಿನಿಂದಲೂ ಗಿಡದ ಹತ್ತಿಯಿಂದಲೂ ಬಟ್ಟಲಿನಂತಹ ಗೂಡನ್ನು ಕಟ್ಟಿ, ಅನೇಕ ಜಾತಿಗಳಲ್ಲಿ ಹೊರಗೆ ಕಲ್ಲುಹೂವನ್ನು ಅಂಟಿಸಿ ಮರೆಮಾಡಿ, ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುವುದು. ಗಂಡಿಗೆ ಸಂಸಾರದ ಹೊರೆ ಇಲ್ಲ. ತನ್ನ ಹೂವುಗಳನ್ನು ಕಾಯುವುದರಲ್ಲಿಯೇ ಅದರ ಹೊತ್ತು ಹೋಗುವುದು. ಇಷ್ಟು ಚಿಕ್ಕ ಪ್ರಾಣಿಗೆ ಇಷ್ಟು ಕ್ರೋಧವೆಲ್ಲಿಂದ ಬಂದಿತೋ! ತನ್ನ ಪೊದೆಯ ಹತ್ತಿರ ಸುಳಿದ ಬೇರೊಂದು ಝೇಂಕಾರಪಕ್ಷಿಯನ್ನು ಮಾತ್ರವಲ್ಲ, ತನಗಿಂತ ನೂರುಪಾಲು ದೊಡ್ಡದಾದ ಗಿಡುಗನ ಮೇಲೂ ಅದು ಕೊಕ್ಕನ್ನು ಈಟಿಯಂತೆ ಹಿಡಿದು ಎರಗುವುದುಂಟು.

ಈ ಕ್ರೋಧವನ್ನು ಕಂಡ ಜನ ಅದನ್ನು ಯುದ್ಧದ ದೇವತೆಯ ಹೆಸರಿನಲ್ಲಿ ಸೇರಿಸಿದುದು ಆಶ್ಚರ್ಯವಲ್ಲ. ನಾವು ಸಾಮಾನ್ಯವಾಗಿ ಆಜ್ಟೆಕರು ಎಂದು ಕರೆಯುವ ಮೆಶಿಕಾ ಜನ 14ನೆಯ ಶತಮಾನದಲ್ಲಿ ಈಗಿನ ಮೆಕ್ಸಿಕೋ ನಗರವಿರುವ ಸರೋವರದ ನಡುಗಡ್ಡೆಯಲ್ಲಿ ಟೆನೋಚ್ಟಿಟ್ಲಾನ್ ಎಂಬ ಪಟ್ಟಣವನ್ನು ಕಟ್ಟಿದರು. ಸಂಪ್ರದಾಯವು ಹೇಳುವ ವರ್ಷ 1325. ಅವರನ್ನು ಅಲ್ಲಿಗೆ ಕರೆತಂದ ಕುಲದೇವತೆಯ ಹೆಸರು ವಿಟ್ಜಿಲೊಪೋಚ್ಟ್ಲಿ. ವಿಟ್ಜಿಲಿನ್ ಎಂದರೆ ಝೇಂಕಾರಪಕ್ಷಿ, ಓಪೋಚ್ಟ್ಲಿ ಎಂದರೆ ಎಡಗಡೆ. ಎಡಗಡೆಯ ಪಕ್ಷಿ ಎಂಬುದನ್ನು ವಿದ್ವಾಂಸರು ದಕ್ಷಿಣದಿಕ್ಕಿನ ಪಕ್ಷಿ ಎಂದು ವಿವರಿಸುವರು, ಏಕೆಂದರೆ ಸೂರ್ಯನು ಹೋಗುವ ಪಶ್ಚಿಮಕ್ಕೆ ಮುಖಮಾಡಿ ನಿಂತವನ ಎಡಕ್ಕೆ ದಕ್ಷಿಣವಿರುವುದು. ನಮ್ಮವರು ಉದಯಸೂರ್ಯನಿಗೆ ಮುಖಮಾಡಿ ನಿಂತರು. ಆದಕಾರಣ ನಮ್ಮ ದಕ್ಷಿಣ ಶಬ್ದಕ್ಕೆ ಬಲಗಡೆ ಎಂಬುದೂ ತೆಂಕಣದಿಕ್ಕು ಎಂಬುದೂ ಅರ್ಥವಾಯಿತು. ಪರಸ್ಪರ ಹೆಸರನ್ನೂ ಕೇಳದ ಎರಡು ಜನಾಂಗಗಳು ಮೈಯ ಎಡಬಲಗಳಿಂದಲೇ ದಿಕ್ಕನ್ನು ಗುರುತಿಸಿದುದು ಶಬ್ದಶಾಸ್ತ್ರದಲ್ಲಿ ಆಸಕ್ತಿಯುಳ್ಳವರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ.

ಈ ದೇವನ ಜನನದ ಕಥೆ ಹೀಗಿದೆ. ಕೋವಾಟ್ಲಿಕುಯೆ ಎಂಬ ದೇವಿಯು ಸರ್ಪಗಿರಿಯ ಮೇಲೆ ಕಸ ಗುಡಿಸುತ್ತಿರಲು ಆಕಾಶದಿಂದ ಗರಿಗಳ ಚೆಂಡೊಂದು ಬಿದ್ದಿತು, ಅದನ್ನು ಆಕೆ ಸೊಂಟದಲ್ಲಿ ಸಿಕ್ಕಿಸಿಕೊಂಡಳು, ಗರ್ಭವತಿಯಾದಳು. ಇದರಿಂದ ಅವಮಾನಗೊಂಡ ಮಗಳು ಕೊಯೋಲ್ಶಾವ್ಕಿಯೂ 400 ಮಂದಿ ಗಂಡುಮಕ್ಕಳೂ ತಾಯಿಯನ್ನು ಕೊಲ್ಲಲು ಬಂದರು. ಆ ಕ್ಷಣದಲ್ಲಿಯೇ ಶಿಶುವು ಸರ್ವಾಯುಧಸಹಿತನಾಗಿ ಹುಟ್ಟಿ ಅಕ್ಕನನ್ನು ತುಂಡುತುಂಡಾಗಿ ಕಡಿದು ಗಿರಿಯಿಂದ ಉರುಳಿಸಿದನು. 1978ರಲ್ಲಿ ಮೆಕ್ಸಿಕೋ ನಗರದಲ್ಲಿ ವಿದ್ಯುತ್ತಿನ ಕೆಲಸಗಾರರು ನೆಲವನ್ನು ಅಗೆಯುತ್ತಿದ್ದಾಗ ಈ ಕೊಯೋಲ್ಶಾವ್ಕಿಯ ತುಂಡಾದ ದೇಹವನ್ನು ಕೆತ್ತಿದ ಭಾರಿ ಶಿಲೆ ದೊರೆಯಿತು. ಅಲ್ಲಿಂದಲೇ ಮಹಾದೇವಾಲಯದ ಉತ್ಖನನ ಆರಂಭವಾಯಿತು. ಆ ದೇವಾಲಯದಲ್ಲಿ ನಡೆದ ನರಬಲಿಗಳನ್ನು ಯಾರೂ ಮರೆಮಾಚಬೇಕಾಗಿಲ್ಲ. ಆದರೆ ಅದೇ ಜನ, ಯುದ್ಧದಲ್ಲಿ ಮಡಿದ ವೀರನು ನಾಲ್ಕು ವರ್ಷ ಸೂರ್ಯನ ಸಂಗಡ ನಡೆದು ತರುವಾಯ ಝೇಂಕಾರಪಕ್ಷಿಯೋ ಚಿಟ್ಟೆಯೋ ಆಗಿ ಹೂವಿನಿಂದ ಹೂವಿಗೆ ಹಾರುತ್ತ ಮಧುವನ್ನು ಸವಿಯುವನೆಂದು ನಂಬಿದ್ದರು. ನಮ್ಮ ವೀರಗಲ್ಲುಗಳಲ್ಲಿ ಮಡಿದವನನ್ನು ಅಪ್ಸರೆಯರು ವಿಮಾನದಲ್ಲಿ ಕರೆದೊಯ್ಯುವರು. ಅವರ ವೀರನು ಬಾಳೆಲ್ಲ ಈಟಿ ಹಿಡಿದು ಕೊನೆಗೆ ತೋಟದ ಹಕ್ಕಿಯಾದನು.

ಗರಿಗಳಿಂದ ಚಿತ್ರ ಮಾಡುವ ಕುಶಲಿಗಳಿಗೆ ಆ ದೇಶದಲ್ಲಿ ಅಮಾಂತೇಕರು ಎಂದು ಹೆಸರು. ಸೀತಾಳೆಯ ಜಾತಿಯ ಗಿಡದ ಬೇರಿನಿಂದ ತೆಗೆದ ಅಂಟಿನಿಂದ ಒಂದೊಂದೇ ಗರಿಯನ್ನು ಅಂಟಿಸಿ ಅವರು ಗುರಾಣಿ, ಮೇಲುವಸ್ತ್ರ, ಬೀಸಣಿಗೆಗಳನ್ನು ಮಾಡುವರು. ಹೊಳಪು ಬೇಕಾದೆಡೆಗೆ ಝೇಂಕಾರಪಕ್ಷಿಯ ಗರಿ. 1521ರಲ್ಲಿ ಕೊರ್ಟೇಸನು ಪಟ್ಟಣವನ್ನು ಗೆದ್ದನು, ದೇವಾಲಯವನ್ನು ಕೆಡವಿದರು, ಆದರೆ ಈ ವಿದ್ಯೆಯನ್ನು ಪಾದ್ರಿಗಳು ತಮ್ಮ ಮತದ ಚಿತ್ರಗಳಿಗಾಗಿ ಉಳಿಸಿಕೊಂಡರು. ಪೋಪ್ 3ನೆಯ ಪೌಲನಿಗೆ ಕಾಣಿಕೆಯಾಗಿ 1539ರಲ್ಲಿ ಮಾಡಿದ ಒಂದು ಗರಿಯ ಚಿತ್ರ ಫ್ರಾನ್ಸ್ ದೇಶದ ಓಶ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. 1536ರಲ್ಲಿ ಟ್ಲಾಟೆಲೋಲ್ಕೋ ಎಂಬಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಮೆಕ್ಸಿಕೋ ದೇಶದ ಕುಲೀನ ಬಾಲಕರಿಗಾಗಿ ಒಂದು ವಿದ್ಯಾಶಾಲೆಯನ್ನು ತೆರೆದರು. ಅಲ್ಲಿ ಲ್ಯಾಟಿನ್ ವ್ಯಾಕರಣ, ತರ್ಕ, ಅಲಂಕಾರಗಳನ್ನು ಕಲಿಸುತ್ತಿದ್ದರು. ಅಧ್ಯಾಪಕರಲ್ಲಿ ಒಬ್ಬನಾದ ಬೆರ್ನಾರ್ದಿನೋ ದೆ ಸಹಗೂನ್ ಎಂಬವನು 1529ರಲ್ಲಿ ಆ ದೇಶಕ್ಕೆ ಬಂದಿದ್ದನು. ಅವನು ತನ್ನ ಹಳೆಯ ಶಿಷ್ಯರನ್ನು ಜತೆಗೂಡಿಸಿಕೊಂಡು, ಊರೂರಿನ ವೃದ್ಧರನ್ನು ಕೂರಿಸಿ ಕೇಳಿ, ಅವರ ದೇವರು, ಹಬ್ಬ, ಜ್ಯೋತಿಷ, ವೈದ್ಯ, ಪ್ರಾಣಿ, ಸಸ್ಯ ಎಲ್ಲವನ್ನೂ ನಾವಾಟಲ್ ಭಾಷೆಯಲ್ಲಿಯೇ ಬರೆಯಿಸಿ, ಪಕ್ಕದಲ್ಲಿ ಸ್ಪ್ಯಾನಿಷ್ ಅರ್ಥವನ್ನು ಕೊಟ್ಟು 12 ಸ್ಕಂಧಗಳ ಮಹಾಗ್ರಂಥವನ್ನು ಸಿದ್ಧಪಡಿಸಿದನು. ಬರೆದವರಲ್ಲಿ ಆಂತೋನಿಯೋ ವಲೇರಿಯಾನೋ, ಮಾರ್ತಿನ್ ಹಕೋಬೀತಾ ಮೊದಲಾದವರ ಹೆಸರುಗಳನ್ನು ಗುರುವೇ ಹೇಳಿದ್ದಾನೆ. ಶಿಷ್ಯರ ದುಡಿಮೆಯನ್ನು ಮರೆಯದ ಈ ಗುಣಕ್ಕಾಗಿಯೇ ಆ ಸಂನ್ಯಾಸಿಯ ಮೇಲೆ ನನಗೆ ಗೌರವ. 1576ರಲ್ಲಿ ಬಂದ ಮಹಾಮಾರಿಯಲ್ಲಿ ಸಾವಿರಾರು ಮಂದಿ ಸಾಯುತ್ತಿದ್ದಾಗಲೂ ಬರೆವಣಿಗೆ ನಿಲ್ಲಲಿಲ್ಲ. 1577ರಲ್ಲಿ ಸ್ಪೇಯಿನಿನ ಅರಸನು ಇಂತಹ ಬರಹಗಳನ್ನೆಲ್ಲ ವಶಪಡಿಸಿಕೊಳ್ಳುವಂತೆ ಅಪ್ಪಣೆ ಮಾಡಿದನು. ಹೇಗೋ ಉಳಿದ ಪ್ರತಿ ಇಟಲಿ ದೇಶದ ಫ್ಲಾರೆನ್ಸ್ ನಗರದ ಗ್ರಂಥಭಂಡಾರವನ್ನು ಸೇರಿ ಇಂದಿಗೂ ಅಲ್ಲಿರುವುದು.

ಈ ಗ್ರಂಥದ 11ನೆಯ ಸ್ಕಂಧದಲ್ಲಿ ಝೇಂಕಾರಪಕ್ಷಿಯ ಬಗೆಗಳನ್ನು ಬಣ್ಣ, ಕೊಕ್ಕು, ಗಾತ್ರ, ಆಹಾರ ಎಂದು ಬಿಡಿಸಿ ಹೇಳಿದೆ. ಅಲ್ಲಿಯೇ ಇನ್ನೊಂದು ಮಾತೂ ಉಂಟು. ಚಳಿಗಾಲದಲ್ಲಿ ಈ ಪಕ್ಷಿ ಮರಕ್ಕೆ ಕೊಕ್ಕನ್ನು ಊರಿ ನೇತುಬೀಳುವುದು, ಅಲ್ಲಿ ಮುದುಡಿ ಗರಿಗಳನ್ನು ಉದುರಿಸುವುದು. ಬಿಸಿಲೇರಿ ಮರ ಚಿಗುರಿ ಗುಡುಗಿ ಮಳೆ ಬಂದಾಗ ಮತ್ತೆ ಚಲಿಸುವುದು, ಗರಿ ಮೂಡುವುದು, ಜೀವ ಬರುವುದು ಎಂದು ಅದರ ಸಾರ. 1524ರಲ್ಲಿ ಬಂದ ಮೊದಲ ಹನ್ನೆರಡು ಫ್ರಾನ್ಸಿಸ್ಕನರಲ್ಲಿ ಒಬ್ಬನಾದ ಮೊತೊಲಿನೀಯನೂ ಇದನ್ನು ಕೇಳಿ ಬರೆದಿದ್ದಾನೆ. ಇಷ್ಟು ಪುಟ್ಟ ಪಕ್ಷಿಗೆ ಪುನರ್ಜೀವನವುಂಟಾದರೆ ಮನುಷ್ಯನ ಪುನರುತ್ಥಾನದಲ್ಲಿ ಸಂದೇಹವೇಕೆಂದು ಅವನು ಅದರಿಂದ ತನ್ನ ಮತಕ್ಕೆ ಪುಷ್ಟಿಯನ್ನು ತೆಗೆದನು. ನಮ್ಮಲ್ಲಿ ಹಕ್ಕಿಯನ್ನು ದ್ವಿಜ ಎನ್ನುವುದು, ಒಮ್ಮೆ ಮೊಟ್ಟೆಯಾಗಿ ಒಮ್ಮೆ ಮರಿಯಾಗಿ ಎರಡು ಸಲ ಹುಟ್ಟುವುದರಿಂದ. ಮೆಶಿಕರ ಲೆಕ್ಕದಲ್ಲಿ ಈ ಹಕ್ಕಿಗೆ ಜನ್ಮಗಳು ಎರಡಕ್ಕೆ ನಿಲ್ಲಲಿಲ್ಲ.

ಓದಿದ ಯೂರೋಪಿಯನರಿಗೆ ಈ ಮಾತು ಪುರಾಣದಂತೆ ಕಂಡುದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರಲ್ಲಿ ಬಹುಮಂದಿಗೆ ಆ ಪಕ್ಷಿ ಪರಿಚಯವಾದ ಬಗೆಯನ್ನು ನೋಡಬೇಕು. ಮೊದಲು ಬಂದವರು ಜೀವಂತ ಪಕ್ಷಿಯನ್ನು ಕಂಡವರೇ. ಓವಿಯೇದೋ ಎಂಬ ಸ್ಪ್ಯಾನಿಷ್ ಚರಿತ್ರಕಾರನು ಒಂದು ಪಕ್ಷಿಯನ್ನು ಅದರ ಗೂಡಿನೊಡನೆ ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಿಸಿ, ಎರಡೂ ಸೇರಿ ಎರಡು ತೋಮಿನ್ ತೂಗಿದುವೆಂದು 1526ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದನು. ಪೆರು ದೇಶದಲ್ಲಿದ್ದ ಅಕೋಸ್ತಾ ಎಂಬ ಪಾದ್ರಿ, ಅವು ಹಾರುವುದನ್ನು ನೋಡಿ ದುಂಬಿಗಳೋ ಚಿಟ್ಟೆಗಳೋ ಎಂದು ತನಗೆ ಎಷ್ಟೋ ಸಲ ಸಂದೇಹವಾಯಿತೆಂದು 1590ರ ಗ್ರಂಥದಲ್ಲಿ ಹೇಳಿದ್ದಾನೆ. ತರುವಾಯದ ಪಂಡಿತರಿಗೆ ಮಾತ್ರ ಸಮುದ್ರವನ್ನು ದಾಟಿ ಬಂದುದು ಒಣಗಿದ ತೊಗಲು. 1758ರಲ್ಲಿ ಸ್ವೀಡನಿನ ಲಿನೇಯಸನು ಪ್ರಾಣಿಗಳಿಗೆಲ್ಲ ಲ್ಯಾಟಿನ್ ಹೆಸರುಗಳನ್ನಿಡುವಾಗ ಇದಕ್ಕೆ ಟ್ರೋಕಿಲಸ್ ಎಂದು ಹೆಸರಿಟ್ಟನು. ಅದು ಗ್ರೀಕರ ಹೆರೊಡೋಟಸನು, ನೈಲ್ ನದಿಯ ಮೊಸಳೆಯ ಬಾಯೊಳಗೆ ಹೊಕ್ಕು ಜಿಗಣೆಗಳನ್ನು ತಿನ್ನುವುದೆಂದು ವರ್ಣಿಸಿದ ಪಕ್ಷಿಯ ಹೆಸರು! ಸೂರಕ್ಕಿಯನ್ನು ಹಮ್ಮಿಂಗ್ ಬರ್ಡ್ ಎನ್ನುವ ನಮ್ಮವರನ್ನು ಇನ್ನು ಹೆಚ್ಚಾಗಿ ಆಕ್ಷೇಪಿಸಲಾರೆ.

ತೊಗಲಿನ ಪಾಂಡಿತ್ಯವು ತುತ್ತತುದಿಗೇರಿದುದು ಇಂಗ್ಲೆಂಡಿನ ಜಾನ್ ಗೂಲ್ಡನಲ್ಲಿ. 1804ರಲ್ಲಿ ಹುಟ್ಟಿದ ಈತನು ತೋಟಗಾರನ ಮಗ. ಸತ್ತ ಪ್ರಾಣಿಗಳ ತೊಗಲಿಗೆ ಹತ್ತಿ ತುಂಬಿ ನಿಲ್ಲಿಸುವ ಕಸಬಿನಿಂದ ಮೇಲೆ ಬಂದವನು. ನಮ್ಮ ಹಿಮಾಲಯದ ಪಕ್ಷಿಗಳ ಚಿತ್ರಗ್ರಂಥದಿಂದಲೇ 1831ರ ಸುಮಾರಿಗೆ ಅವನ ಕೀರ್ತಿ ಆರಂಭವಾಯಿತು. ಝೇಂಕಾರಪಕ್ಷಿಗಳ ಮೇಲೆ ಅವನಿಗೆ ಉಂಟಾದುದು ಮೋಹವೇ ಸರಿ. 1851ರ ಮಹಾಪ್ರದರ್ಶನದ ವರ್ಷ ಲಂಡನ್ನಿನ ಮೃಗಾಲಯದಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ತನ್ನ ಪಕ್ಷಿಗಳನ್ನು ಜೋಡಿಸಿ, ಆರು ಪೆನ್ಸ್ ಪ್ರವೇಶಧನವನ್ನಿಟ್ಟನು. 75,000 ಮಂದಿ ನೋಡಿದರು. ವಿಕ್ಟೋರಿಯಾ ರಾಣಿಯೂ ಬಂದಳು. 1849ರಿಂದ 1861ರವರೆಗೆ 5 ಸಂಪುಟಗಳಲ್ಲಿ 360 ಚಿತ್ರಪಟಗಳ ಗ್ರಂಥವನ್ನು ಹೊರತಂದನು. ಗರಿಯ ಹೊಳಪನ್ನು ತರುವುದಕ್ಕಾಗಿ ಚಿನ್ನದ ರೇಕನ್ನು ಹಾಸಿ ಅದರ ಮೇಲೆ ಪಾರದರ್ಶಕವಾದ ಬಣ್ಣಗಳನ್ನು ಬಳಿಸಿದನು. ಆದರೆ ಪ್ರದರ್ಶನವನ್ನು ನಡೆಸಿದಾಗಲೂ ಗ್ರಂಥದ ಬಹುಭಾಗವನ್ನು ಬರೆದಾಗಲೂ ಅವನು ಒಂದಾದರೂ ಜೀವಂತವಾದ ಝೇಂಕಾರಪಕ್ಷಿಯನ್ನು ನೋಡಿರಲಿಲ್ಲ! 1857ರಲ್ಲಿ ಅಮೆರಿಕಾಕ್ಕೆ ಹೋದಾಗ ಫಿಲಡೆಲ್ಫಿಯಾ ನಗರದ ಬಾರ್ಟ್ರಮ್ ತೋಟದಲ್ಲಿ ಅವನಿಗೆ ಅದರ ಮೊದಲ ದರ್ಶನ. ಕೆಲವನ್ನು ಜೀವಸಹಿತ ಇಂಗ್ಲೆಂಡಿಗೆ ತರಲು ಯತ್ನಿಸಿದನು. ಲಂಡನ್ನಿಗೆ ತಲುಪಿದುದು ಎರಡು ದಿನ ಬಾಳಿತು. ಗೂಲ್ಡನ ಪರಿಶ್ರಮವನ್ನು ನಾನು ಹಗುರಾಗಿ ಕಾಣುವುದಿಲ್ಲ. ಜಾತಿಗಳನ್ನು ಬೇರ್ಪಡಿಸಿ ಹೆಸರಿಟ್ಟವರಲ್ಲಿ ಅವನು ಅಗ್ರಗಣ್ಯ. ಆದರೆ ಪೆಟ್ಟಿಗೆಯಲ್ಲಿ ಸಾವಿರ ಪಕ್ಷಿಗಳನ್ನಿಟ್ಟುಕೊಂಡವನು ಕೇಳಬಹುದಾದ ಪ್ರಶ್ನೆಗಳು ಕೊಕ್ಕಿನ ಉದ್ದ, ಬಾಲದ ಗರಿಗಳ ಸಂಖ್ಯೆ ಇಷ್ಟೇ. ಅದು ರಾತ್ರಿ ಹೇಗೆ ಮಲಗುವುದೆಂಬ ಪ್ರಶ್ನೆ ತೊಗಲನ್ನು ನೋಡಿದವನಿಗೆ ಹುಟ್ಟುವುದೇ ಇಲ್ಲ.

ತೊಗಲುಗಳು ಬಂದ ದಾರಿಯೂ ಅಷ್ಟು ಶುಭ್ರವಾದುದಲ್ಲ. ದಕ್ಷಿಣ ಅಮೆರಿಕಾದ ಬೇಟೆಗಾರರು ಊದುಕೊಳವೆಯಿಂದ ಮಣ್ಣಿನ ಗುಂಡುಗಳನ್ನು ಹಾರಿಸಿ, ಗರಿ ಕೆಡದಂತೆ ಪಕ್ಷಿಗಳನ್ನು ಬೀಳಿಸುತ್ತಿದ್ದರು. ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದ ವರ್ತಕರು ಇವನ್ನು ಕಟ್ಟುಕಟ್ಟಾಗಿ ಹಡಗಿಗೆ ಹಾಕುವರು. ಯಾವ ಕಾಡು, ಯಾವ ಕಣಿವೆ ಎಂಬ ಗುರುತಿಲ್ಲದೆ ಬಂದ ಆ ಸಾಮಗ್ರಿಗೆ ಶಾಸ್ತ್ರಜ್ಞರಲ್ಲಿ ಬೊಗೊಟಾ ತೊಗಲು ಎಂದೇ ಹೆಸರಾಯಿತು. ಪಂಡಿತರಿಗೆ ಬೇಕಾದುದು ಅಲ್ಪ. ಉಳಿದುದೆಲ್ಲ ಹೆಂಗಸರ ಟೋಪಿಗಳಿಗೆ. ಲಂಡನ್ನಿನ ಆಭರಣಕಾರರು ಪಕ್ಷಿಯ ತಲೆಯನ್ನು ಚಿನ್ನದ ಕಟ್ಟಿನಲ್ಲಿ ಕೂರಿಸಿ ಕಿವಿಯೋಲೆ ಪದಕಗಳನ್ನೂ ಮಾಡಿದರು. ಹರಾಜಿನಲ್ಲಿ ತೊಗಲುಗಳು ಸಾವಿರಗಟ್ಟಲೆ ಮಾರಾಟವಾಗುತ್ತಿದ್ದುವು. ಅಮಾಂತೇಕರೂ ಗರಿಗಾಗಿ ಪಕ್ಷಿಗಳನ್ನು ಕೊಂದವರೇ ಅಲ್ಲವೇ ಎಂದು ಕೇಳಬಹುದು. ಅಹುದು, ಆದರೆ ಅವರು ಕೊಂದುದು ತಮ್ಮ ತೋಟದ ಪಕ್ಷಿಯನ್ನು, ಅದು ತಮ್ಮ ಮಡಿದ ಅಣ್ಣತಮ್ಮಂದಿರ ರೂಪವೆಂದು ಬಲ್ಲವರು. ಟೋಪಿಯನ್ನು ಧರಿಸಿದವಳಿಗೆ ಅದು ಯಾವ ದೇಶದ್ದೆಂಬುದೂ ಬೇಕಾಗಿರಲಿಲ್ಲ.

ಈ ವ್ಯಾಪಾರಕ್ಕೆ ತಡೆ ಬಂದುದೂ ಹೆಂಗಸರಿಂದಲೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1889ರಲ್ಲಿ ಮ್ಯಾಂಚೆಸ್ಟರ್ ನಗರದ ಬಳಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಗರಿಯ ಟೋಪಿಯನ್ನು ತೊಡುವುದಿಲ್ಲವೆಂದು ಗೆಳತಿಯರಿಂದ ಪ್ರತಿಜ್ಞೆ ಮಾಡಿಸಿ ಪಕ್ಷಿರಕ್ಷಣೆಯ ಸಂಘವನ್ನು ಸ್ಥಾಪಿಸಿದಳು. 1904ರಲ್ಲಿ ಅದಕ್ಕೆ ರಾಜಮನ್ನಣೆ ದೊರೆಯಿತು. ನಮ್ಮ ದೇಶದ ಕೊಕ್ಕರೆ ಮೊದಲಾದ ಪಕ್ಷಿಗಳೂ ಇದೇ ಪೇಟೆಗೆ ಹೋಗುತ್ತಿದ್ದುವು. ಹಿಂದೂಸ್ಥಾನದ ಸರಕಾರವು 1902ರಲ್ಲಿ ಕಾಡುಪಕ್ಷಿಗಳ ಗರಿತೊಗಲುಗಳ ರಫ್ತನ್ನು ನಿಷೇಧಿಸಿತು. ಗರಿಗಳ ಆಮದನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಬಂದುದು 1921ರಲ್ಲಿ. ಕೊಲ್ಲುವ ದೇಶಕ್ಕಿಂತ ಕೊಳ್ಳುವ ದೇಶ ಎಚ್ಚರಗೊಳ್ಳಲು ಹೆಚ್ಚು ಕಾಲ ಬೇಕಾಯಿತು.

ಇನ್ನು ಆ ಸತ್ತು ಬದುಕುವ ಮಾತು. ಸ್ಕಾಟ್ಲೆಂಡಿನಿಂದ ಹೋಗಿ ಅಮೆರಿಕಾದಲ್ಲಿ ನೆಲಸಿದ ಅಲೆಗ್ಸಾಂಡರ್ ವಿಲ್ಸನ್ನನೂ ಬಡ ಉಪಾಧ್ಯಾಯನೇ. ಕಾಡುಮೇಡುಗಳನ್ನು ಸುತ್ತಿ ಪಕ್ಷಿಗಳನ್ನು ಜೀವಂತವಾಗಿ ನೋಡಿದವನು. 1808ರಿಂದ ಅಚ್ಚಾಗತೊಡಗಿದ ತನ್ನ ಗ್ರಂಥದಲ್ಲಿ ಅವನು ಒಂದು ಅನುಭವವನ್ನು ಬರೆದಿದ್ದಾನೆ. ನೆರಳಿನ ತಂಪಿನಲ್ಲಿದ್ದ ಝೇಂಕಾರಪಕ್ಷಿಯೊಂದು ಕಣ್ಣು ಮುಚ್ಚಿ, ಉಸಿರಾಟವೂ ಕಾಣದೆ, ಸತ್ತಂತೆಯೇ ಬಿದ್ದಿತು. ಬಿಸಿಲಿಗೆ ತಂದಿಡಲು ಸ್ವಲ್ಪ ಹೊತ್ತಿನಲ್ಲಿ ಉಸಿರು ಕಾಣಿಸಿ, ಕಣ್ಣು ತೆರೆದು, ಚೇತರಿಸಿಕೊಂಡಿತು. ಆದರೂ ಇದನ್ನು ಅಳತೆಗೆ ತರಲು ಮತ್ತೆ ಸುಮಾರು ನೂರನಾಲ್ವತ್ತು ವರ್ಷಗಳು ಹಿಡಿದುವು. 1950ರಲ್ಲಿ ಕ್ಯಾಲಿಫೋರ್ನಿಯಾದ ಆಲಿವರ್ ಪಿಯರ್ಸನ್ ಎಂಬ ಶಾಸ್ತ್ರಜ್ಞನು ಝೇಂಕಾರಪಕ್ಷಿ ಹಗಲಿರುಳು ಎಷ್ಟು ಪ್ರಾಣವಾಯುವನ್ನು ಸೇವಿಸುವುದೆಂದು ಅಳೆದು ಪ್ರಕಟಿಸಿ, ರಾತ್ರಿಯಲ್ಲಿ ಅದು ಬಹುಮಟ್ಟಿಗೆ ಇಳಿದುಹೋಗುವುದನ್ನು ತೋರಿಸಿದನು.

ಕಾರಣ ಗಣಿತದಷ್ಟು ಸರಳ. ಹಾರುವಾಗ ಈ ಪಕ್ಷಿಯ ಹೃದಯ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಬಡಿಯಬಲ್ಲುದು. ಅದರ ಆಹಾರ ಹೂವಿನ ಸಕ್ಕರೆನೀರು, ಪುಷ್ಟಿಗೆ ಕೆಲವು ಹುಳುಗಳು. ಹಗಲೆಲ್ಲ ಕೆಲವು ನಿಮಿಷಗಳಿಗೊಮ್ಮೆ ಉಣ್ಣಬೇಕು. ಮೈ ಅತಿ ಚಿಕ್ಕದಾದುದರಿಂದ ಶಾಖ ಬೇಗ ಸೋರಿಹೋಗುವುದು. ಸಂಜೆ ಹೂವು ಕಾಣದಂತಾದ ಮೇಲೆ ಹನ್ನೆರಡು ಗಂಟೆಗಳ ಕಾಲ ಅದೇ ಬಿಸಿಯನ್ನು ಉಳಿಸಿಕೊಳ್ಳಹೋದರೆ ಚಳಿಯ ರಾತ್ರಿಯಲ್ಲಿ ಬೆಳಗಾಗುವುದರೊಳಗೆ ಹಸಿವಿನಿಂದ ಸಾಯುವ ಭಯ. ಆದುದರಿಂದ ಅದು ಒಲೆಯನ್ನು ತಾನೇ ಆರಿಸುವುದು. ಸುಮಾರು 40 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದ ಮೈಶಾಖ ಸುತ್ತಣ ಗಾಳಿಯ ಹತ್ತಿರಕ್ಕೆ ಇಳಿಯುವುದು, ಹೃದಯದ ಬಡಿತ ನಿಧಾನವಾಗುವುದು, ಮುಟ್ಟಿದರೂ ಎಚ್ಚರವಾಗದು. ಇದನ್ನು ಜಡನಿದ್ರೆ ಎನ್ನಬಹುದು. ಇಂತಹ ಸ್ಥಿತಿಯಲ್ಲಿ ಕೆಲವು ಪಕ್ಷಿಗಳು ಕೊಂಬೆಯಿಂದ ತಲೆಕೆಳಗಾಗಿ ನೇತಾಡುವುದೂ ಉಂಟು. ಬೆಳಗಿನ ಜಾವದಲ್ಲಿ ಸ್ನಾಯುಗಳನ್ನು ನಡುಗಿಸಿ ಮೈಯನ್ನು ತಾನೇ ಕಾಯಿಸಿಕೊಂಡು ಹಾರಿಹೋಗುವುದು.

ಹಾಗಾದರೆ ಮೆಶಿಕಾ ವೃದ್ಧರು ಹೇಳಿದುದೆಲ್ಲ ನಿಜವೇ? ಎಲ್ಲವೂ ಅಲ್ಲ. ಚಳಿಗಾಲದುದ್ದಕ್ಕೂ ಮರದಲ್ಲಿ ನೇತುಬಿದ್ದು ಮಳೆಗೆ ಏಳುವ ಝೇಂಕಾರಪಕ್ಷಿಯನ್ನು ಯಾರೂ ಕಂಡಿಲ್ಲ. ಅದರ ನಿದ್ರೆ ಸಾಮಾನ್ಯವಾಗಿ ಒಂದು ರಾತ್ರಿಯದು. ಕೆಲವು ಜಾತಿಗಳು ಋತುವಿಗನುಸಾರವಾಗಿ ದೂರದೇಶಕ್ಕೆ ಹೋಗುವುವು; ಅಲಾಸ್ಕಾದಲ್ಲಿ ಮರಿಮಾಡಿದ ಕೆಂಗಂದು ಬಣ್ಣದ ಒಂದು ಜಾತಿ ಚಳಿಗಾಲಕ್ಕೆ ಮೆಕ್ಸಿಕೋ ದೇಶಕ್ಕೆ ಬರುವುದು. ಕಾಣದೆ ಹೋಗಿ ಋತು ತಿರುಗಿದಾಗ ಕಾಣಿಸಿಕೊಂಡ ಪಕ್ಷಿಯನ್ನೂ, ಚಳಿಯ ಮುಂಜಾನೆ ಕೊಂಬೆಯಲ್ಲಿ ಹೆಣದಂತೆ ನೇತಾಡಿ ಬಿಸಿಲಿಗೆ ಜೀವಬಂದ ಪಕ್ಷಿಯನ್ನೂ ಅವರು ಒಂದೇ ಸೂತ್ರದಲ್ಲಿ ಪೋಣಿಸಿದರೆಂದು ನನ್ನ ಊಹೆ. ಪೋಣಿಸಿದುದರಲ್ಲಿ ತಪ್ಪಿದೆ, ಕಂಡುದರಲ್ಲಿ ತಪ್ಪಿಲ್ಲ. ಕೊಕ್ಕನ್ನು ಮರಕ್ಕೆ ಊರುವುದೆಂಬುದನ್ನು ಬಿಟ್ಟರೆ ಆ ನೇತಾಟ, ಆ ತಣ್ಣನೆಯ ಮೈ, ಆ ಮರಳಿದ ಚೈತನ್ಯ ಇವೆಲ್ಲ ಕಣ್ಣಾರೆ ನೋಡಿದವರ ಮಾತುಗಳು. ಒಂದು ಸಾಲಿನಲ್ಲಿ ಅಸಂಭವವಾದುದನ್ನು ಕಂಡು ಇಡೀ ಸಾಕ್ಷ್ಯವನ್ನು ತಳ್ಳಿಬಿಡುವ ಅಭ್ಯಾಸ ನಮ್ಮ ಇತಿಹಾಸಕಾರರಲ್ಲಿಯೂ ಉಂಟು. ಸ್ಥಳಪುರಾಣಗಳನ್ನು ಓದುವಾಗ ಅದು ಎದ್ದುಕಾಣುವುದು.

ಇದಕ್ಕೆ ಜೋಡಿಯಾದ ಇನ್ನೊಂದು ಸಂಗತಿ ಅದೇ ಖಂಡದಲ್ಲಿ ನಡೆಯಿತು. 1946ರ ಡಿಸೆಂಬರಿನಲ್ಲಿ ಎಡ್ಮಂಡ್ ಯೇಗರ್ ಎಂಬ ಅಧ್ಯಾಪಕನು ಶಿಷ್ಯರೊಡನೆ ಕ್ಯಾಲಿಫೋರ್ನಿಯಾದ ಮರುಭೂಮಿಯ ಬೆಟ್ಟಗಳಲ್ಲಿ ನಡೆಯುತ್ತಿರುವಾಗ, ಪೂರ್‌ವಿಲ್ ಎಂಬ ನಿಶಾಚರ ಪಕ್ಷಿಯೊಂದು ಬಂಡೆಯ ಗೂಡಿನಲ್ಲಿ ಅಲುಗಾಡದೆ ಕುಳಿತಿರುವುದನ್ನು ಕಂಡನು. ಕೈಗೆತ್ತಿಕೊಂಡರೂ ಅದಕ್ಕೆ ಎಚ್ಚರವಿಲ್ಲ. ಮುಂದಿನ ಚಳಿಗಾಲಗಳಲ್ಲಿ ಮತ್ತೆ ಮತ್ತೆ ಹೋಗಿ ಪರೀಕ್ಷಿಸಿ, ಅದು ವಾರಗಟ್ಟಲೆ ಚಳಿನಿದ್ರೆಯಲ್ಲಿರುವುದೆಂದು ಸ್ಥಾಪಿಸಿದನು. ಪಕ್ಷಿಗಳಿಗೆ ಚಳಿನಿದ್ರೆ ಇಲ್ಲವೆಂದು ಅದುವರೆಗೆ ಶಾಸ್ತ್ರದ ಸಿದ್ಧಾಂತ. ಆ ಪ್ರಾಂತದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ ಆ ಪಕ್ಷಿಯ ಹೆಸರು ಹಿಂದಿನಿಂದಲೂ ಒಂದೇ: ಮಲಗಿರುವುದು.

ಝೇಂಕಾರಪಕ್ಷಿಯ ವಿಷಯದಲ್ಲಿ ಅಳತೆ ಇನ್ನೂ ಮುಂದುವರಿದಿದೆ. ಪೆರು ದೇಶದ ಆ್ಯಂಡೀಸ್ ಪರ್ವತದಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 3,800 ಮೀಟರ್ ಎತ್ತರದಲ್ಲಿ ಶಾಸ್ತ್ರಜ್ಞರು ಆರು ಜಾತಿಯ ಪಕ್ಷಿಗಳ ಮೈಶಾಖವನ್ನು ರಾತ್ರಿಯಿಡೀ ಅಳೆದು 2020ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕರಿಯ ಬಣ್ಣದ ಒಂದು ಜಾತಿಯ ಪಕ್ಷಿಯ ಶಾಖ 3.3 ಡಿಗ್ರಿಗೆ ಇಳಿಯಿತು. ನೀರು ಹೆಪ್ಪುಗಟ್ಟುವುದಕ್ಕೆ ಅಲ್ಲಿಂದ ಮೂರೇ ಡಿಗ್ರಿ. ಅಷ್ಟು ತಣ್ಣಗಾಗಿ ಬದುಕಿದ ಬೇರೊಂದು ಪಕ್ಷಿಯ ದಾಖಲೆ ಆವರೆಗೆ ಇರಲಿಲ್ಲ. ಬೆಳಗಾಗುವ ಹೊತ್ತಿಗೆ ನಿಮಿಷಕ್ಕೆ ಹೆಚ್ಚುಕಡಮೆ ಒಂದು ಡಿಗ್ರಿಯಂತೆ ಮೈಯನ್ನು ಕಾಯಿಸಿಕೊಳ್ಳುವುದು ಈ ಪಕ್ಷಿಗಳ ಕ್ರಮ. ಅರ್ಧ ಗಂಟೆ ಮುಕ್ಕಾಲು ಗಂಟೆಯೊಳಗೆ ಅವು ಮತ್ತೆ ಹೂವಿನ ಮುಂದೆ ನಿಂತಿರುವುವು.